ಮುಚ್ಚಿಡದ ವಿದ್ಯೆ: ತುತೂರಿಗಾರ ಕ್ಲಾರ್ಕ್ ಟೆರಿಯವರ ಜೀವನವೂ ಬೋಧನೆಯೂ

ವಿದ್ಯೆಯು ಕೊಟ್ಟರೆ ಕಡಮೆಯಾಗುವ ಒಡವೆಯಲ್ಲ, ಕೊಟ್ಟಷ್ಟೂ ಬೆಳೆಯುವಂಥದು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಈ ಮಾತಿಗೆ ತಲೆದೂಗದವರಿಲ್ಲ. ಆದರೆ ನಡತೆಯಲ್ಲಿ ಇದನ್ನು ಮರೆಯುವವರೇ ಹೆಚ್ಚು. ತನಗೆ ತಿಳಿದ ಬೇರಿನ ಗುಣವನ್ನು ಹೆತ್ತ ಮಗನಿಗೂ ತಿಳಿಸದೆ ತೀರಿಕೊಂಡ ನಾಟಿವೈದ್ಯರ ಸಂಗತಿ ನಮ್ಮ ಹಳ್ಳಿಗಳಲ್ಲಿ ಅಪೂರ್ವವಲ್ಲ. ನಯವಾದ ಕೈಗೆಲಸವನ್ನು ಬಲ್ಲವರು ಅದರ ಮರ್ಮವನ್ನು ಬಚ್ಚಿಟ್ಟುಕೊಳ್ಳುವುದೂ ಉಂಟು. ತನ್ನ ವಿದ್ಯೆಯು ಇನ್ನೊಬ್ಬನ ಕೈಸೇರಿದರೆ ತನ್ನ ಅನ್ನಕ್ಕೆ ಕುಂದು ಬಂದೀತೆಂಬ ಭಯವೇ ಇದಕ್ಕೆಲ್ಲ ಮೂಲ.

ಈ ಭಯವು ಒಬ್ಬ ಬಡ ಹುಡುಗನಿಗೆ ಮಾಡಿದ ಅನ್ಯಾಯವೇನು, ಆ ಅನ್ಯಾಯದಿಂದ ಅವನು ಕೈಗೊಂಡ ಸಂಕಲ್ಪವೇನು, ಆ ಸಂಕಲ್ಪದಿಂದ ಲೋಕದ ಸಂಗೀತಕ್ಕೆ ಉಂಟಾದ ಲಾಭವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಆ ಹುಡುಗನು ಅಮೆರಿಕಾ ಸಂಯುಕ್ತಸಂಸ್ಥಾನದ ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿ, ಮುಂದೆ ಜಾಝ್ ಸಂಗೀತದ ಮೇಲುಪಂಕ್ತಿಯ ತುತೂರಿಗಾರನೆನಿಸಿ, ಅದಕ್ಕಿಂತಲೂ ಮಿಗಿಲಾಗಿ ಸಾವಿರಾರು ಮಕ್ಕಳಿಗೆ ಗುರುವೆನಿಸಿದ ಕ್ಲಾರ್ಕ್ ಟೆರಿ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ಉಪಾಧ್ಯಾಯಿನಿಯರೂ ತಾಯಂದಿರೂ ಆಗಿರುವುದರಿಂದ, ದೂರದೇಶದ ಈ ವೃತ್ತಾಂತವು ಅವರಿಗೆ ಹೊರಗಿನದಾಗಿ ತೋರಲಾರದೆಂದು ನಂಬುತ್ತೇವೆ.

ಜಾಝ್ ಎಂಬ ಸಂಗೀತ

ಮೊದಲು ಈ ಸಂಗೀತದ ಪರಿಚಯವನ್ನು ಸ್ವಲ್ಪದರಲ್ಲಿ ಮಾಡಿಕೊಳ್ಳೋಣ. ಆಫ್ರಿಕಾ ಖಂಡದಿಂದ ಗುಲಾಮರಾಗಿ ಅಮೆರಿಕಾಕ್ಕೆ ಒಯ್ಯಲ್ಪಟ್ಟ ಜನರ ಸಂತತಿಯವರು ತಮ್ಮ ಪೂರ್ವಜರ ತಾಳಜ್ಞಾನವನ್ನೂ, ಹೊಲಗದ್ದೆಗಳಲ್ಲಿ ದುಡಿಯುವಾಗ ಹಾಡಿಕೊಂಡ ಶೋಕಗೀತಗಳನ್ನೂ, ಐರೋಪ್ಯರ ವಾದ್ಯಗಳನ್ನೂ ಕೂಡಿಸಿ ಕಟ್ಟಿದ ಸಂಗೀತವೇ ಜಾಝ್. ಇದು ಇಪ್ಪತ್ತನೆಯ ಶತಮಾನದ ಆರಂಭಕಾಲದಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ರೂಪುಗೊಂಡು, ಅಲ್ಲಿಂದ ಸೇಂಟ್ ಲೂಯಿಸ್, ಷಿಕಾಗೋ, ನ್ಯೂಯಾರ್ಕ್ ಮೊದಲಾದ ಕಡೆಗಳಿಗೆ ಹಬ್ಬಿತು. ಬರೆದಿಟ್ಟ ಸ್ವರಗಳನ್ನು ಇದ್ದಂತೆಯೇ ನುಡಿಸುವುದು ಇದರಲ್ಲಿ ಅರ್ಧ ಕೆಲಸ ಮಾತ್ರ. ಮಿಕ್ಕರ್ಧವು ವಾದ್ಯಗಾರನು ಆ ಕ್ಷಣದಲ್ಲಿ ತನ್ನ ಮನಸ್ಸಿನಿಂದ ಕಟ್ಟುವಂಥದು. ನಮ್ಮ ಸಂಗೀತಗಾರರು ಮನೋಧರ್ಮವೆಂದು ಕರೆಯುವ ಗುಣಕ್ಕೆ ಇದು ತೀರ ಸಮೀಪದ್ದು. ಆದಕಾರಣ ಪುಸ್ತಕದಿಂದ ಮಾತ್ರ ಜಾಝನ್ನು ಕಲಿಯುವುದು ಆಗದ ಕೆಲಸ. ಬಲ್ಲವರ ಬಾಯಿಂದ ಕಲಿಯುವವರ ಕಿವಿಗೆ ಅದು ಇಳಿದುಬರಬೇಕು. ಬಲ್ಲವರು ಬಾಯಿ ಮುಚ್ಚಿಕೊಂಡರೆ ದಾರಿಯೂ ಅಲ್ಲಿಗೇ ಮುಚ್ಚಿಹೋಗುವುದು.

ತುತೂರಿಯ ವಿಷಯವಾಗಿಯೂ ಒಂದೆರಡು ಮಾತು ಅವಶ್ಯ. ಟ್ರಂಪೆಟ್ ಎಂಬ ಈ ಹಿತ್ತಾಳೆಯ ವಾದ್ಯದಲ್ಲಿ ಶಬ್ದವು ಹುಟ್ಟುವುದು ನುಡಿಸುವವನ ತುಟಿಗಳಲ್ಲಿ. ಬಿಗಿಹಿಡಿದ ತುಟಿಗಳ ನಡುವೆ ಉಸಿರನ್ನು ನುಗ್ಗಿಸಿದಾಗ ಅವು ಅದುರುವುವು; ಆ ಅದುರಾಟವು ಸುಮಾರು ಒಂದೂವರೆ ಮೀಟರಿನಷ್ಟು ಉದ್ದವಾದ, ಸುತ್ತಿದ ಕೊಳವೆಯಲ್ಲಿ ಹರಿದು ನಾದವಾಗುವುದು. ಬರಿಯ ಕೊಳವೆಯಾದರೆ ಅದರಿಂದ ಸೈನಿಕರ ಕಹಳೆಯಂತೆ ಕೆಲವೇ ಸ್ವರಗಳು ಹೊರಡುವುವು. ಅದಕ್ಕಾಗಿಯೇ ಟ್ರಂಪೆಟ್ಟಿಗೆ ಮೂರು ಒತ್ತುಗುಂಡಿಗಳನ್ನು ಅಳವಡಿಸಿರುತ್ತಾರೆ. ಒಂದೊಂದು ಗುಂಡಿಯನ್ನು ಒತ್ತಿದಾಗಲೂ ಕೊಳವೆಗೆ ಒಂದೊಂದು ತುಂಡು ಸೇರಿಕೊಂಡು ಉದ್ದವು ಹೆಚ್ಚುವುದು, ಸ್ವರವು ಇಳಿಯುವುದು. ಹೀಗೆ ಏಳು ಬಗೆಯ ಉದ್ದಗಳು ದೊರೆಯುವುವು. ತುಟಿಯ ಬಿಗಿತವೂ ಉಸಿರಿನ ಬಲವೂ ಇದಕ್ಕೆ ಕೂಡಿದರೆ ಎಲ್ಲಾ ಸ್ವರಗಳೂ ಕೈಗೆ ಬರುವುವು. ಗುಂಡಿಗಳು ಕಣ್ಣಿಗೆ ಕಾಣುವುವು. ತುಟಿ, ನಾಲಗೆ, ಉಸಿರು ಇವುಗಳ ಕೆಲಸ ಕಾಣದು. ಆ ಕಾಣದ ಭಾಗವನ್ನು ಗುರುವೇ ಹೇಳಿಕೊಡಬೇಕು.

ಬಾಲ್ಯವೂ ಮೊದಲನೆಯ ವಾದ್ಯವೂ

ಕ್ಲಾರ್ಕ್ ಟೆರಿ ಹುಟ್ಟಿದ್ದು ೧೯೨೦ನೆಯ ಇಸವಿ ಡಿಸೆಂಬರ್ ೧೪ರಲ್ಲಿ. ಹನ್ನೊಂದು ಮಕ್ಕಳ ಆ ಕುಟುಂಬದಲ್ಲಿ ಇವನು ಏಳನೆಯವನು. ತಾಯಿಯು ಇವನ ಚಿಕ್ಕಂದಿನಲ್ಲಿಯೇ ತೀರಿಕೊಂಡಳು. ತಂದೆಯು ನಗರದ ಗ್ಯಾಸ್ ಕಂಪೆನಿಯಲ್ಲಿ ದುಡಿಯುತ್ತಿದ್ದ ಕೂಲಿಗಾರ. ಮನೆಯಲ್ಲಿ ಊಟಕ್ಕೇ ಬಡತನವಿದ್ದಾಗ ವಾದ್ಯವನ್ನು ಕೊಳ್ಳುವ ಮಾತೆಲ್ಲಿ?

ಸುಮಾರು ಹತ್ತು ವರುಷದವನಾಗಿದ್ದಾಗ ಡ್ಯೂಕ್ ಎಲಿಂಗ್ಟನ್ನರ ವಾದ್ಯವೃಂದದ ಸಂಗೀತವು ಹುಡುಗನ ಕಿವಿಗೆ ಬಿತ್ತು. ತುತೂರಿಯನ್ನು ನುಡಿಸಲೇಬೇಕೆಂಬ ಹಂಬಲ ಹತ್ತಿದ್ದು ಆಗಲೇ. ಅವನು ಕಸದ ರಾಶಿಯಲ್ಲಿ ಹುಡುಕಿ, ತೋಟಕ್ಕೆ ನೀರುಬಿಡುವ ರಬ್ಬರು ಕೊಳವೆಯ ತುಂಡೊಂದನ್ನು ಎತ್ತಿಕೊಂಡನು. ಅದನ್ನು ಸುರುಳಿ ಸುತ್ತಿ, ಒತ್ತುಗುಂಡಿಗಳಿರುವಂತೆ ಕಾಣಲೆಂದು ಮೂರು ಕಡೆ ಬಿಗಿದು ಕಟ್ಟಿದನು. ಒಂದು ತುದಿಗೆ ಸೀಸದ ನಳಿಗೆಯ ತುಂಡನ್ನು ಬಾಯಿಯಾಗಿ ಸೇರಿಸಿ, ಇನ್ನೊಂದು ತುದಿಗೆ ಸೀಮೆಎಣ್ಣೆ ಹುಯ್ಯುವ ಆಲಿಕೆಯನ್ನು ಸಿಕ್ಕಿಸಿದನು. ಇದೇ ಅವನ ಪ್ರಥಮ ವಾದ್ಯ. ಅದರಿಂದ ಹೊರಟದ್ದು ಸಂಗೀತವೆಂದು ಯಾರೂ ಹೇಳಲಾರರು. ಆದರೂ ಹುಡುಗನು ಊದುವುದನ್ನು ಬಿಡಲಿಲ್ಲ. ಕೊನೆಗೆ ಆ ಕರ್ಕಶಧ್ವನಿಯನ್ನು ಸಹಿಸಲಾರದೆಯೋ, ಅವನ ಹಟವನ್ನು ಮೆಚ್ಚಿಯೋ ನೆರೆಹೊರೆಯವರು ತಮ್ಮತಮ್ಮಲ್ಲಿ ಕಾಸು ಕೂಡಿಸಿ, ಹನ್ನೆರಡೂವರೆ ಡಾಲರು ಕೊಟ್ಟು, ಒತ್ತೆಯಂಗಡಿಯಿಂದ ಹಳೆಯ ಟ್ರಂಪೆಟ್ ಒಂದನ್ನು ತಂದುಕೊಟ್ಟರು. ಅವರೂ ಬಡವರೇ. ಒಂದು ಮಗುವಿನ ವಿದ್ಯೆಗೆ ಒಂದು ಕೇರಿಯೇ ಪಾಲು ಹಾಕಿದ ಈ ಸಂಗತಿಯನ್ನು ಟೆರಿಯವರು ಮುದಿತನದವರೆಗೂ ನೆನೆದು ಹೇಳುತ್ತಿದ್ದರು.

ಎಡಗಿವಿಯ ಪಾಠ

ವಾದ್ಯವೇನೋ ಬಂತು, ಕಲಿಸುವವರು ಬೇಕಷ್ಟೆ. ಊರಿನಲ್ಲಿ ಒಳ್ಳೆಯ ತುತೂರಿಗಾರರಿಗೆ ಕೊರತೆಯಿರಲಿಲ್ಲ. ಹುಡುಗನು ಅಂಥ ಹಿರಿಯನೊಬ್ಬನ ಬಳಿಗೆ ಹೋಗಿ, ಮಂದ್ರಸ್ಥಾಯಿಯ ಸ್ವರಗಳಲ್ಲಿ ತನ್ನ ನಾದವು ಚೆನ್ನಾಗಿಲ್ಲವೆಂದೂ, ಅದನ್ನು ತಿದ್ದಿಕೊಳ್ಳುವ ಬಗೆಯನ್ನು ಹೇಳಬೇಕೆಂದೂ ವಿನಯದಿಂದ ಬೇಡಿಕೊಂಡನು. ಆ ಮನುಷ್ಯನು ಗಂಭೀರವದನನಾಗಿ, ಕುರ್ಚಿಯಲ್ಲಿ ನೆಟ್ಟಗೆ ಕೂತು, ವಾದ್ಯವನ್ನು ಎತ್ತಿಹಿಡಿದು, ಹಲ್ಲುಗಳನ್ನು ಕಚ್ಚಿಕೊಂಡು, ಎಡಗಿವಿಯನ್ನು ಅಲ್ಲಾಡಿಸಬೇಕೆಂದು ಉಪದೇಶಮಾಡಿದನು! ಹುಡುಗನು ಅದನ್ನು ನಂಬಿ ಸಾಧನೆಗೆ ತೊಡಗಿದನು. ಅದು ಬರಿಯ ಕುಚೋದ್ಯವೆಂದು ತಿಳಿದದ್ದು ಆಮೇಲೆ.

ನಾವು ಇದನ್ನು ಓದಿ ನಗಬಹುದು. ಆದರೆ ಇದರ ಹಿಂದಿನ ಕಾರಣವು ನಗುವಂಥದಲ್ಲ. ಆಗ ಕರಿಯ ಜನಾಂಗದ ವಾದ್ಯಗಾರರಿಗೆ ದೊರೆಯುತ್ತಿದ್ದ ಉದ್ಯೋಗಗಳು ಬಹು ಕಡಮೆ. ಇಂದು ಕಲಿಯಲು ಬಂದ ಹುಡುಗನು ನಾಳೆ ತನ್ನ ಕುರ್ಚಿಯನ್ನೇ ಕಿತ್ತುಕೊಂಡಾನೆಂದು ಹಿರಿಯರು ಹೆದರುತ್ತಿದ್ದರು. ಅದಕ್ಕಾಗಿ ದಾರಿ ತಪ್ಪಿಸುವುದೂ ಒಂದು ಉಪಾಯವಾಗಿತ್ತು.

ಇಂಥ ಅವಮಾನವನ್ನು ಉಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುವರು: ಕಲಿಯುವುದನ್ನೇ ಬಿಡುವರು, ಇಲ್ಲವೆ ತಾವು ಬಲ್ಲವರಾದ ಮೇಲೆ ಕಿರಿಯರಿಗೆ ಅದೇ ಶಾಸ್ತಿಯನ್ನು ಮಾಡುವರು. ಕ್ಲಾರ್ಕ್ ಟೆರಿ ಮೂರನೆಯ ದಾರಿಯನ್ನು ಹಿಡಿದನು. ತಾನು ಎಂದಾದರೂ ಈ ವಿದ್ಯೆಯನ್ನು ಗಳಿಸಿದ್ದಾದರೆ, ಕೇಳಿದವರಿಗೆ ಒಂದನ್ನೂ ಮುಚ್ಚಿಡದೆ ಹೇಳಿಕೊಡುವೆನೆಂದು ಸಂಕಲ್ಪಮಾಡಿಕೊಂಡನು.

ಶಾಲೆಯಲ್ಲಿಯೂ ಅವನಿಗೆ ಬೇಕಾದುದು ಸುಲಭವಾಗಿ ಸಿಕ್ಕಲಿಲ್ಲ. ಸೇಂಟ್ ಲೂಯಿಸಿನಲ್ಲಿ ಆಗ ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆಗಳು. ಕರಿಯ ಮಕ್ಕಳ ವೇಷನ್ ಹೈಸ್ಕೂಲಿನ ವಾದ್ಯವೃಂದಕ್ಕೆ ಸೇರಬಯಸಿದಾಗ ಟ್ರಂಪೆಟ್ಟುಗಳೆಲ್ಲವೂ ಹಂಚಿಹೋಗಿದ್ದುವು. ಉಳಿದಿದ್ದುದು ಗುಂಡಿಗಳುಳ್ಳ ಟ್ರಾಂಬೋನ್ ಒಂದೇ. ಬೆರಳುಗಳ ಕೆಲಸ ಎರಡಕ್ಕೂ ಒಂದೇ, ಸದ್ದು ಮಾತ್ರ ಇದರಲ್ಲಿ ಇನ್ನೂ ಹೆಚ್ಚೆಂದು ಹೇಳಿ ಉಪಾಧ್ಯಾಯರು ಅದನ್ನೇ ಕೊಟ್ಟರು. ಹುಡುಗನು ಗೊಣಗದೆ ಅದನ್ನು ನುಡಿಸಿದನು. ಕೈಗೆ ಬಂದುದರಿಂದಲೇ ಕಲಿಯುವ ಅಭ್ಯಾಸವು ರಬ್ಬರು ಕೊಳವೆಯಿಂದಲೇ ಅವನಿಗೆ ಆಗಿಹೋಗಿತ್ತು.

ಅಲೆದಾಟದ ವರುಷಗಳು

ಹರೆಯದಲ್ಲಿ ಟೆರಿಯವರು ಊರೂರು ತಿರುಗುವ ವಿನೋದಮಂಡಲಿಯೊಂದರ ಬ್ಯಾಂಡಿನಲ್ಲಿ ಸೇರಿ ದಕ್ಷಿಣದ ರಾಜ್ಯಗಳಲ್ಲಿ ಸಂಚರಿಸಿದರು. ವರ್ಣಭೇದವು ಅತಿ ಕ್ರೂರವಾಗಿದ್ದ ಕಾಲವದು. ಮಿಸಿಸಿಪ್ಪಿ ರಾಜ್ಯದ ಮೆರಿಡಿಯನ್ ಎಂಬ ಊರಿನಲ್ಲಿ ಬಿಳಿಯನೊಬ್ಬನು, ತನಗೆ ಸಲ್ಲಬೇಕಾದ ಮರ್ಯಾದೆಯ ಮಾತನ್ನು ಹೇಳಲಿಲ್ಲವೆಂದು ಅವರನ್ನು ಎಚ್ಚರತಪ್ಪುವಂತೆ ಹೊಡೆದನು. ಅವರನ್ನು ಮುಗಿಸಿಬಿಡಲು ಗುಂಪೊಂದು ಹಿಂದಿರುಗಿ ಬರುವಷ್ಟರಲ್ಲಿ, ಮಂಡಲಿಯ ರೈಲಿನಲ್ಲಿ ದುಡಿಯುತ್ತಿದ್ದ ಬಿಳಿಯ ಕೂಲಿಗಳೇ ಅವರನ್ನು ಕೆಸರಿನಿಂದ ಎತ್ತಿ ಅಡಗಿಸಿಟ್ಟು, ಗುಂಪನ್ನು ಬೇರೆ ದಿಕ್ಕಿಗೆ ಕಳುಹಿಸಿದರು. ಹೊಡೆದವನ ಬಣ್ಣವೂ ಕಾಪಾಡಿದವರ ಬಣ್ಣವೂ ಒಂದೇ. ಬಣ್ಣವನ್ನು ನೋಡಿ ಮನುಷ್ಯರನ್ನು ದ್ವೇಷಿಸುವುದು ಸಲ್ಲದೆಂಬ ಪಾಠವನ್ನು ಅವರು ಆ ರಾತ್ರಿ ಕಲಿತರು. ಮುಂದೆ ಅವರ ಬಾಗಿಲು ಯಾವ ಜನಾಂಗದ ಮಕ್ಕಳಿಗೂ ಮುಚ್ಚಿದ್ದಿಲ್ಲ.

ಎರಡನೆಯ ಮಹಾಯುದ್ಧವು ಬಂತು. ಅಮೆರಿಕಾದ ನೌಕಾದಳದಲ್ಲಿ ಅಲ್ಲಿಯವರೆಗೆ ಕರಿಯರಿಗೆ ಸಾಮಾನ್ಯವಾಗಿ ಅಡಿಗೆ ಬಡಿಸುವ ಕೆಲಸವೇ ಗತಿಯಾಗಿತ್ತು. ೧೯೪೨ರಲ್ಲಿ ಈ ನಿಯಮವು ಸಡಿಲವಾಗಿ, ಷಿಕಾಗೋ ನಗರದ ಬಳಿಯ ಗ್ರೇಟ್ ಲೇಕ್ಸ್ ಶಿಬಿರದಲ್ಲಿ ಕರಿಯ ವಾದ್ಯಗಾರರ ಬ್ಯಾಂಡುಗಳನ್ನು ಕಟ್ಟಿದರು. ಟೆರಿಯವರು ೧೯೪೫ರವರೆಗೆ ಅಲ್ಲಿ ಸೇವೆಮಾಡಿದರು. ದೇಶದ ನಾನಾ ಕಡೆಗಳ ಕುಶಲರು ಒಂದೆಡೆ ಸೇರಿದ್ದರಿಂದ ಆ ಶಿಬಿರವೇ ಅವರಿಗೆ ಒಂದು ಪಾಠಶಾಲೆಯಾಯಿತು.

ಯುದ್ಧಾನಂತರ ೧೯೪೮ರಲ್ಲಿ ಕೌಂಟ್ ಬೇಸಿಯವರ ವಾದ್ಯವೃಂದವನ್ನೂ, ೧೯೫೧ರಲ್ಲಿ ಬಾಲ್ಯದ ಆರಾಧ್ಯರಾದ ಡ್ಯೂಕ್ ಎಲಿಂಗ್ಟನ್ನರ ವಾದ್ಯವೃಂದವನ್ನೂ ಅವರು ಸೇರಿದರು. ಬೇಸಿಯವರದು ತಮಗೆ ಕಾಲೇಜಾದರೆ ಎಲಿಂಗ್ಟನ್ನರದು ಅದಕ್ಕೂ ಮೇಲಿನ ವಿಶ್ವವಿದ್ಯಾಲಯವೆಂದು ಅವರು ಹೇಳುತ್ತಿದ್ದರು. ಎಲಿಂಗ್ಟನ್ನರು ಕಲಿಸುತ್ತಿದ್ದ ಬಗೆಗೆ ಒಂದು ನಿದರ್ಶನವನ್ನು ಕೊಡಬಹುದು. ಒಂದು ಕೃತಿಯಲ್ಲಿ ಬಡ್ಡಿ ಬೋಲ್ಡನ್ ಎಂಬ ಹಳೆಯ ತುತೂರಿಗಾರನಂತೆ ನುಡಿಸಬೇಕೆಂದು ಅವರು ಟೆರಿಯವರಿಗೆ ಹೇಳಿದರು. ಬೋಲ್ಡನನ ವಾದನದ ಧ್ವನಿಮುದ್ರಣವು ಒಂದೂ ಉಳಿದಿಲ್ಲ. ಟೆರಿಯವರು ಅವನನ್ನು ಕೇಳಿದವರೇ ಅಲ್ಲ. ಎಲಿಂಗ್ಟನ್ನರು ಅವನ ಠೀವಿಯನ್ನೂ, ಅವನು ಶ್ರುತಿಮಾಡಿಕೊಂಡರೆ ನದಿಯ ಆಚೆಯ ದಡಕ್ಕೆ ಕೇಳಿಸುತ್ತಿದ್ದಂಥ ನಾದವನ್ನೂ ಮಾತಿನಲ್ಲಿ ಬಣ್ಣಿಸಿ, ಕಡೆಗೆ ನೀನೇ ಬೋಲ್ಡನ್ ಎಂದುಬಿಟ್ಟರು. ಟೆರಿಯವರು ನುಡಿಸಿದರು, ಎಲಿಂಗ್ಟನ್ನರು ಒಪ್ಪಿದರು. ಶಿಷ್ಯನಲ್ಲಿರುವುದನ್ನು ಶಿಷ್ಯನಿಂದಲೇ ಹೊರಡಿಸುವ ಈ ಉಪಾಯವನ್ನು ಟೆರಿಯವರು ಮುಂದೆ ತಾವೂ ಬಳಸಿದರು.

ಷೇಕ್ಸ್‌ಪಿಯರನ ನಾಟಕಗಳನ್ನು ಶಾಲೆಯಲ್ಲಿ ಓದಿದವರಿಗೆ ಇನ್ನೊಂದು ಸಂಗತಿಯು ಪ್ರಿಯವಾದೀತು. ಎಲಿಂಗ್ಟನ್ನರು ಬಿಲ್ಲಿ ಸ್ಟ್ರೇಹಾರ್ನರೊಡಗೂಡಿ ೧೯೫೭ರಲ್ಲಿ ಆ ಕವಿಯ ಪಾತ್ರಗಳನ್ನು ಕುರಿತು ಒಂದು ಸಂಗೀತಮಾಲಿಕೆಯನ್ನು ರಚಿಸಿದಾಗ, ‘ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದ ತುಂಟ ಯಕ್ಷ ಪಕ್‌ನ ಪಾತ್ರವು ಟೆರಿಯವರ ತುತೂರಿಗೆ ಬಂತು. ಗುಂಡಿಗಳನ್ನು ಪೂರಾ ಒತ್ತದೆ ಅರ್ಧಕ್ಕೆ ಹಿಡಿದರೆ ಸ್ವರವು ಜಾರಿ ಮನುಷ್ಯರ ಮಾತಿನಂತಾಗುವುದು. ಈ ಚಮತ್ಕಾರದಿಂದ ಅವರು ಕೃತಿಯ ಕೊನೆಯಲ್ಲಿ, ಮಾನವರ ಮೂರ್ಖತನವನ್ನು ಕಂಡು ಪಕ್ ಆಡುವ ಹಾಸ್ಯದ ಮಾತನ್ನು ವಾದ್ಯದಿಂದಲೇ ಆಡಿಸಿದರು.

೧೯೫೯ರಲ್ಲಿ ಅವರು ಎಲಿಂಗ್ಟನ್ನರನ್ನು ಬಿಟ್ಟರು. ೧೯೬೦ರಲ್ಲಿ ಎನ್.ಬಿ.ಸಿ. ಎಂಬ ಪ್ರಸಾರಸಂಸ್ಥೆಯು ಅವರನ್ನು ಖಾಯಂ ಸಂಗೀತಗಾರರನ್ನಾಗಿ ನೇಮಿಸಿತು. ಆ ಸಂಸ್ಥೆಯಲ್ಲಿ ಅಂಥ ಸ್ಥಾನವನ್ನು ಪಡೆದ ಕರಿಯ ಜನಾಂಗದವರಲ್ಲಿ ಅವರೇ ಮೊದಲಿಗರು. ‘ಟುನೈಟ್ ಷೋ’ ಎಂಬ ರಾತ್ರಿಯ ಕಾರ್ಯಕ್ರಮದ ವಾದ್ಯವೃಂದದಲ್ಲಿ, ಅದು ೧೯೭೨ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ವರ್ಗವಾಗುವವರೆಗೂ ನುಡಿಸಿದರು. ಟ್ರಂಪೆಟ್ಟಿಗಿಂತ ಮೃದುವಾದ, ತುಂಬುಕಂಠದಂಥ ಧ್ವನಿಯುಳ್ಳ ಫ್ಲೂಗಲ್‌ಹಾರ್ನ್ ಎಂಬ ವಾದ್ಯಕ್ಕೆ ಜಾಝಿನಲ್ಲಿ ಸ್ಥಾನವನ್ನು ಗಳಿಸಿಕೊಟ್ಟವರಲ್ಲಿ ಅವರು ಅಗ್ರಗಣ್ಯರು. ಒಂದು ಕೈಯಲ್ಲಿ ಇದನ್ನೂ ಇನ್ನೊಂದರಲ್ಲಿ ಅದನ್ನೂ ಹಿಡಿದು, ಎರಡು ವಾದ್ಯಗಳೂ ಸಂಭಾಷಿಸುವಂತೆ ನುಡಿಸಿ ಸಭೆಯನ್ನು ನಗಿಸುತ್ತಿದ್ದರು. ೧೯೬೪ರಲ್ಲಿ ಆಸ್ಕರ್ ಪೀಟರ್ಸನ್ನರ ಜೊತೆಯಲ್ಲಿ, ಅರ್ಥವಿಲ್ಲದ ಗೊಣಗುಮಾತುಗಳನ್ನೇ ಹಾಡಾಗಿ ಹಾಡಿ ಮುದ್ರಿಸಿದ ‘ಮಂಬಲ್ಸ್’ ಅವರ ಹೆಸರನ್ನು ಮನೆಮನೆಗೂ ಮುಟ್ಟಿಸಿತು. ಅವರ ಧ್ವನಿಮುದ್ರಣಗಳ ಸಂಖ್ಯೆಯು ೯೦೦ನ್ನು ಮೀರುವುದು.

ಗುರುವಾದ ಬಗೆ

ಇಷ್ಟು ಕೀರ್ತಿಯನ್ನು ಪಡೆದವರು ಇನ್ನೂ ಕೆಲವರುಂಟು. ಟೆರಿಯವರ ವೈಶಿಷ್ಟ್ಯವು ಬೇರೆ. ಬಾಲ್ಯದ ಸಂಕಲ್ಪವನ್ನು ಅವರು ಹೇಗೆ ನಡೆಸಿದರೆಂಬುದನ್ನು ಈಗ ನೋಡೋಣ.

ಅದು ಮೊದಲ ದಿನದಿಂದಲೇ ಸುಲಭವಾಗಿ ನಡೆಯಿತೆಂದು ತಿಳಿಯಬಾರದು. ಯುವಕರಾಗಿದ್ದಾಗ ಇಲಿನಾಯ್ ರಾಜ್ಯದ ಕಾರ್ಬಂಡೇಲ್ ಊರಿನಲ್ಲಿ ಕೃಶನಾದ ಬಾಲಕನೊಬ್ಬನು ಬಳಿಗೆ ಬಂದು ತುತೂರಿಯ ವಿಷಯವಾಗಿ ಪ್ರಶ್ನೆಗಳನ್ನು ಕೇಳಿದನು. ಟೆರಿಯವರ ಗಮನವೆಲ್ಲ ಅಲ್ಲಿ ನೆರೆದಿದ್ದ ತರುಣಿಯರ ಮೇಲಿದ್ದುದರಿಂದ, ಆಮೇಲೆ ನೋಡೋಣವೆಂದು ಅವನನ್ನು ಸಾಗಹಾಕಿದರು. ಕೆಲಕಾಲದ ಬಳಿಕ ಸೇಂಟ್ ಲೂಯಿಸಿನ ಸಭಾಗೃಹವೊಂದರಲ್ಲಿ ಅಪೂರ್ವವಾದ ವಾದನವು ಕೇಳಿಸಲು, ಮೆಟ್ಟಲುಗಳನ್ನು ಓಡಿ ಹತ್ತಿ ನೋಡಿದರೆ ನುಡಿಸುತ್ತಿದ್ದವನು ಅದೇ ಬಾಲಕ. ಅವನೇ ಮೈಲ್ಸ್ ಡೇವಿಸ್. ಮುಂದೆ ಜಾಝಿನ ದಿಕ್ಕನ್ನೇ ತಿರುಗಿಸಿದ ಮಹಾವಾದಕ. ಟೆರಿಯವರು ಅವನಿಗೆ ಅಣ್ಣನಂತೆ ಮಾರ್ಗದರ್ಶನಮಾಡಿದರು. ತಾವು ಒಮ್ಮೆ ಅವನನ್ನು ಕಡೆಗಣಿಸಿದ ಸಂಗತಿಯನ್ನೂ ಮರೆಮಾಚದೆ ಹೇಳುತ್ತಿದ್ದರು.

ಬೇಸಿಯವರೊಡನೆ ಸಿಯಾಟಲ್ ನಗರಕ್ಕೆ ಹೋಗಿದ್ದಾಗ ಕ್ವಿನ್ಸಿ ಜೋನ್ಸ್ ಎಂಬ ಹದಿಹರೆಯದ ಹುಡುಗನು ಪಾಠ ಬೇಡಿ ಬಂದನು. ಹುಡುಗನಿಗೆ ಹಗಲು ಶಾಲೆ. ಟೆರಿಯವರಿಗೆ ರಾತ್ರಿ ಬಹುಹೊತ್ತಿನವರೆಗೆ ಕಚೇರಿ. ಉಳಿದಿದ್ದ ವೇಳೆಯೆಂದರೆ ಶಾಲೆಗೆ ಮುಂಚಿನ ಬೆಳಗಿನ ಜಾವ. ನಡುರಾತ್ರಿ ಕಳೆದ ಮೇಲೆ ಮಲಗಿದವರು ಕೆಲವೇ ಗಂಟೆಗಳಲ್ಲಿ ಎದ್ದು ಬಾಗಿಲು ತೆರೆದು ಪಾಠ ಹೇಳಿದರು. ಹುಡುಗನು ವಾದ್ಯವನ್ನು ತುಟಿಯ ಮೇಲೆ ತಪ್ಪಾಗಿ ಇಟ್ಟು ರಕ್ತ ಬರಿಸಿಕೊಳ್ಳುತ್ತಿದ್ದುದನ್ನು ಕಂಡು ಅದನ್ನು ತಿದ್ದಿದರು. ಎಡಗಿವಿಯ ಉಪದೇಶವನ್ನು ಪಡೆದವರು ಕೊಟ್ಟ ಉಪದೇಶವಿದು! ಆ ಹುಡುಗನು ಬೆಳೆದು ಅಮೆರಿಕಾದ ಅತಿ ಪ್ರಸಿದ್ಧ ಸಂಗೀತಸಂಯೋಜಕರಲ್ಲಿ ಒಬ್ಬನಾದನು. ೧೯೫೯ರಲ್ಲಿ ಅವನು ಸ್ವಂತ ವಾದ್ಯವೃಂದವನ್ನು ಕಟ್ಟಿದಾಗ, ಗುರುವೇ ಎಲಿಂಗ್ಟನ್ನರನ್ನು ಬಿಟ್ಟು ಶಿಷ್ಯನ ತಂಡವನ್ನು ಸೇರಿದರು.

ಜಾಝನ್ನು ವಿದ್ಯಾಲಯಗಳು ಬಹುಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಟೆಕ್ಸಸ್ ರಾಜ್ಯದ ಡೆಂಟನ್ ಊರಿನ ಕಾಲೇಜೊಂದು ೧೯೪೭ರಲ್ಲಿ ಈ ಬಗೆಯ ಸಂಗೀತಕ್ಕೆ ಪದವಿಯ ಶಿಕ್ಷಣವನ್ನು ಮೊದಲುಮಾಡಿತು. ಮಿಕ್ಕವು ನಿಧಾನವಾಗಿ ಹಿಂಬಾಲಿಸಿದುವು. ಹೆಸರುವಾಸಿಯಾದ ವಾದಕರಲ್ಲಿ ಶಾಲೆ ಕಾಲೇಜುಗಳಿಗೆ ತಾವಾಗಿ ಹೋಗಿ ಕಲಿಸಿದ ಮೊದಲಿಗರಲ್ಲಿ ಟೆರಿಯವರು ಎಣಿಕೆಗೆ ಬರುವರು. ನ್ಯೂಯಾರ್ಕಿನ ಹಾರ್ಲೆಮ್ ಭಾಗದಲ್ಲಿ ಬಡಮಕ್ಕಳ ವಾದ್ಯವೃಂದವನ್ನು ಕಟ್ಟಿದರು. ಬೇಸಗೆಯ ಶಿಬಿರಗಳನ್ನು ನಡೆಸಿದರು. ಊರೂರಿನ ಶಾಲಾಬ್ಯಾಂಡುಗಳೊಡನೆ ನಿಂತು ನುಡಿಸಿದರು.

ಅವರ ಬೋಧನೆಯ ಸಾರವು ಮೂರು ಮೆಟ್ಟಲುಗಳಲ್ಲಿ ಅಡಗಿದೆ: ಅನುಕರಿಸು, ಅರಗಿಸಿಕೊ, ಹೊಸದನ್ನು ಹುಟ್ಟಿಸು. ಮೊದಲು ಹಿರಿಯರು ನುಡಿಸಿದುದನ್ನು ಕೇಳಿ ಹಾಗೆಯೇ ನುಡಿಸಬೇಕು. ಅನಂತರ ಅದು ನೆನಪಿನ ಹೊರೆಯಾಗಿ ಉಳಿಯದೆ ಉಂಡ ಅನ್ನವು ರಕ್ತವಾಗುವಂತೆ ತನ್ನದಾಗಬೇಕು. ಆಮೇಲೆಯೇ ತನ್ನ ಮಾತನ್ನು ತಾನು ಆಡಬೇಕು. ಮೊದಲನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರಿದವನು ಬಿದ್ದಾನು. ಮೊದಲನೆಯದರಲ್ಲಿಯೇ ನಿಂತವನು ಗಿಳಿಯಾದಾನು.

ನಾಲಗೆಯ ಕೆಲಸವನ್ನು ಅವರು ಬಾಯಿಮಾತಿನಿಂದ ಕಲಿಸುತ್ತಿದ್ದರು. ಸ್ವರಗಳನ್ನು ಬಿಡಿಸಿ ನುಡಿಸಲು ನಾಲಗೆಯು ಉಸಿರನ್ನು ತಡೆತಡೆದು ಬಿಡಬೇಕು. ಗಡುಸಾಗಿ ತಡೆದರೆ ಓಟವು ಕೆಡುವುದು. ಅದಕ್ಕಾಗಿ ‘ಡೂಡ್ಲ್, ಡೂಡ್ಲ್’ ಎಂಬ ಮೃದುವಾದ ಅಕ್ಷರಗಳನ್ನು ಮೊದಲು ಬಾಯಲ್ಲಿ ಆಡಿಸಿ, ನಮ್ಮ ಮೃದಂಗದ ಶಿಷ್ಯರು ಜತಿಗಳನ್ನು ಬಾಯಲ್ಲಿ ಹೇಳಿ ಆಮೇಲೆ ಕೈಯಲ್ಲಿ ನುಡಿಸುವಂತೆ, ಅವನ್ನೇ ವಾದ್ಯಕ್ಕೆ ಇಳಿಸುತ್ತಿದ್ದರು. ಉಸಿರಿನ ಪಾಠವೂ ಹೀಗೆಯೇ. ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರಗೆ ನೂಕುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರನ್ನು ಎಳೆದುಕೊಂಡರೆ ನಾದವು ಕಡಿಯದೆ ಎಷ್ಟು ಹೊತ್ತಾದರೂ ನಡೆಯುವುದು. ನೋಡುವವರಿಗೆ ಮಾಯೆಯಂತಿರುವ ಈ ವಿದ್ಯೆಯನ್ನು ಅವರು ಗುಟ್ಟಾಗಿಡದೆ, ಅದರ ಕ್ರಮವನ್ನು ಪುಸ್ತಕರೂಪದಲ್ಲಿಯೇ ಪ್ರಕಟಿಸಿದರು.

ಇಬ್ಬರು ಬಾಲಿಕೆಯರು

ಜಾಝ್ ವಾದ್ಯವೃಂದಗಳು ಬಹುಮಟ್ಟಿಗೆ ಗಂಡಸರ ಪಾಳೆಯಗಳಾಗಿದ್ದುವು. ಹೆಂಗಸರಿಗೆ ಹಾಡುವ ಸ್ಥಾನವು ದೊರೆತರೂ ವಾದ್ಯವನ್ನು ಹಿಡಿದು ಕೂಡುವ ಸ್ಥಾನವು ಕಷ್ಟದಿಂದ ದೊರೆಯುತ್ತಿತ್ತು. ಅಂಥಲ್ಲಿ ಟೆರಿಯವರು ನಡೆದುಕೊಂಡ ರೀತಿಯು ನಮ್ಮ ಶಾಲೆಯಂಥ ಬಾಲಿಕಾಶಾಲೆಯವರ ಗಮನಕ್ಕೆ ವಿಶೇಷವಾಗಿ ಅರ್ಹವಾಗಿದೆ.

ಮ್ಯಾಸಚುಸೆಟ್ಸ್ ರಾಜ್ಯದಲ್ಲಿ ೧೯೬೫ರಲ್ಲಿ ಹುಟ್ಟಿದ ಟೆರಿ ಲಿನ್ ಕ್ಯಾರಿಂಗ್ಟನ್ ಎಂಬ ಬಾಲಿಕೆಯು, ತಾತನು ಬಿಟ್ಟುಹೋಗಿದ್ದ ಡ್ರಮ್ಮುಗಳನ್ನು ಏಳು ವರುಷದವಳಾಗಿದ್ದಾಗ ಬಾರಿಸತೊಡಗಿದಳು. ಹತ್ತು ವರುಷದವಳಾದಾಗ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದ ಜಾಝ್ ಉತ್ಸವದಲ್ಲಿ ಕ್ಲಾರ್ಕ್ ಟೆರಿಯವರು ಆ ಮಗುವನ್ನು ತಮ್ಮೊಡನೆ ವೇದಿಕೆಯ ಮೇಲೆ ಕೂರಿಸಿ ನುಡಿಸಿದರು. ಪ್ರೌಢರ ನಡುವೆ, ಪ್ರೌಢರ ಕೆಲಸವನ್ನೇ ಕೊಟ್ಟು ಅವಳನ್ನು ಗೌರವಿಸಿದರು. ಆಕೆಯು ೨೦೧೪ರಲ್ಲಿ ಉತ್ತಮ ಜಾಝ್ ವಾದ್ಯಸಂಗೀತದ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದ ಪ್ರಥಮ ಮಹಿಳೆಯೆನಿಸಿದಳು. ೨೦೧೮ರಲ್ಲಿ ಬಾಸ್ಟನ್ ನಗರದ ಬರ್ಕ್ಲೀ ಸಂಗೀತವಿದ್ಯಾಲಯದಲ್ಲಿ, ಜಾಝಿನಲ್ಲಿ ಸ್ತ್ರೀಯರಿಗೂ ಸಮಾನವಾದ ನ್ಯಾಯ ದೊರೆಯಲೆಂದು ಒಂದು ಅಧ್ಯಯನಸಂಸ್ಥೆಯನ್ನು ಸ್ಥಾಪಿಸಿದಳು. ಹತ್ತರ ವಯಸ್ಸಿನಲ್ಲಿ ತನಗಾಗಿ ತೆರೆದ ಬಾಗಿಲನ್ನು ಆಕೆ ಇತರರಿಗೂ ತೆರೆದಿಟ್ಟಳೆಂದು ಹೇಳಬಹುದು.

ಡೆನ್ವರ್ ನಗರದ ಡಯಾನ್ ರೀವ್ಸ್ ಎಂಬ ಇನ್ನೊಬ್ಬ ಬಾಲಿಕೆಯು ಪ್ರೌಢಶಾಲೆಯ ವಾದ್ಯವೃಂದದೊಡನೆ ಷಿಕಾಗೋದಲ್ಲಿ ನಡೆದ ಸಂಗೀತಶಿಕ್ಷಕರ ಸಮ್ಮೇಲನದಲ್ಲಿ ಹಾಡಿದಾಗ ಟೆರಿಯವರು ಕೇಳಿ, ಅವಳನ್ನು ತಮ್ಮ ಕಚೇರಿಗಳಲ್ಲಿ ಹಾಡಿಸಿ ಮುಂದಕ್ಕೆ ತಂದರು. ಐದು ಗ್ರ್ಯಾಮಿ ಪ್ರಶಸ್ತಿಗಳನ್ನು ಪಡೆದ ಗಾಯಕಿ ಆಕೆಯೇ. ಶಾಲಾವೃಂದದಲ್ಲಿ ಹಾಡುವ ಮಗುವಿನ ಕಂಠಕ್ಕೆ ಕಿವಿಗೊಡುವ ಹಿರಿಯರೊಬ್ಬರು ಇದ್ದರೆ ಏನಾಗಬಹುದೆಂಬುದಕ್ಕೆ ಬೇರೆ ನಿದರ್ಶನವೇಕೆ?

ಕತ್ತಲಲ್ಲಿ ಪಾಠ

ಮುಪ್ಪಿನಲ್ಲಿ ಮಧುಮೇಹವು ಟೆರಿಯವರನ್ನು ಬಾಧಿಸಿತು, ಕಣ್ಣುಗಳು ಮಂಕಾದುವು. ಅವರು ನ್ಯೂಜರ್ಸಿಯ ವಿಲಿಯಂ ಪ್ಯಾಟರ್ಸನ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದಾಗ ಜಸ್ಟಿನ್ ಕಾಫ್ಲಿನ್ ಎಂಬ ಯುವಕನು ಅಲ್ಲಿ ಪಿಯಾನೋ ಕಲಿಯುತ್ತಿದ್ದನು. ಹನ್ನೊಂದರ ವಯಸ್ಸಿನಲ್ಲಿಯೇ ಪೂರಾ ದೃಷ್ಟಿಯನ್ನು ಕಳೆದುಕೊಂಡವನು ಅವನು. ಗುರುವಿನ ಕಣ್ಣು ಆರುತ್ತ ಬಂದುದು, ಶಿಷ್ಯನ ಕಣ್ಣು ಎಂದೋ ಆರಿಹೋದುದು. ಈ ಸ್ಥಿತಿಯಲ್ಲಿ ಒಬ್ಬರಿಗೊಬ್ಬರು ಆಸರೆಯಾದರು. ಟೆರಿಯವರು ಅರ್ಕನ್ಸಾ ರಾಜ್ಯದ ಪೈನ್ ಬ್ಲಫ್ ಊರಿನಲ್ಲಿ ಪತ್ನಿ ಗ್ವೆನ್ ಅವರೊಡನೆ ನೆಲಸಿದ ಮೇಲೂ ಕಾಫ್ಲಿನ್ ಅಲ್ಲಿಗೆ ಬರುತ್ತಿದ್ದನು. ಹಾಸಿಗೆಯಲ್ಲಿ ಮಲಗಿದ ಗುರುವು ಸ್ವರಗಳನ್ನು ಬಾಯಿಂದ ಹೇಳುವುದು, ಶಿಷ್ಯನು ಕೇಳಿ ಹಿಂದಿರುಗಿ ಹೇಳುವುದು, ಹೀಗೆ ರಾತ್ರಿಯೆಲ್ಲ ಪಾಠ ನಡೆಯುತ್ತಿತ್ತು. ಅವರ ಇನ್ನೊಬ್ಬ ಶಿಷ್ಯನಾದ ಆಸ್ಟ್ರೇಲಿಯಾದ ಆಲನ್ ಹಿಕ್ಸ್ ಈ ಗುರುಶಿಷ್ಯರನ್ನು ಕುರಿತು ತೆಗೆದ ಚಲಚ್ಚಿತ್ರವು ೨೦೧೪ರಲ್ಲಿ ತೆರೆಗೆ ಬಂತು. ಅದರ ನಿರ್ಮಾಪಕರಲ್ಲಿ ಒಬ್ಬರು, ಸಿಯಾಟಲಿನಲ್ಲಿ ಬೆಳಗಿನ ಜಾವದ ಪಾಠಕ್ಕೆ ಬಂದಿದ್ದ ಕ್ವಿನ್ಸಿ ಜೋನ್ಸರೇ. ಅವರು ಕಾಫ್ಲಿನ್ನನನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಮೊದಲ ಶಿಷ್ಯನು ಕೊನೆಯ ಶಿಷ್ಯನ ಕೈಹಿಡಿದುದನ್ನು ಗುರುವು ಬದುಕಿದ್ದಾಗಲೇ ಕಂಡರು.

ಈ ಮಧ್ಯೆ ರೋಗವು ಉಲ್ಬಣಿಸಿ ಅವರ ಎರಡು ಕಾಲುಗಳನ್ನೂ ವೈದ್ಯರು ತೆಗೆಯಬೇಕಾಯಿತು. ಪಾಠವು ಮಾತ್ರ ನಿಲ್ಲಲಿಲ್ಲ. ೨೦೧೦ರಲ್ಲಿ ಜೀವಮಾನದ ಸಾಧನೆಗಾಗಿ ಗ್ರ್ಯಾಮಿ ಪ್ರಶಸ್ತಿಯು ಬಂದಿತ್ತು. ಅದಕ್ಕೆ ಮುಂಚೆ ೧೯೯೧ರಲ್ಲಿ ರಾಷ್ಟ್ರದ ‘ಜಾಝ್ ಮಾಸ್ಟರ್’ ಎಂಬ ಗೌರವವೂ ದೊರೆತಿತ್ತು. ಆದರೆ ಎಲ್ಲಕ್ಕಿಂತ ದೊಡ್ಡ ಸನ್ಮಾನವು ೨೦೧೪ನೆಯ ಡಿಸೆಂಬರಿನಲ್ಲಿ ಆಸ್ಪತ್ರೆಯ ಕೊಠಡಿಗೇ ನಡೆದುಬಂತು. ಅವರ ೯೪ನೆಯ ಹುಟ್ಟುಹಬ್ಬದ ಸಮಯಕ್ಕೆ, ಪ್ರಖ್ಯಾತ ತುತೂರಿಗಾರ ವಿಂಟನ್ ಮಾರ್ಸಾಲಿಸ್ ತಮ್ಮ ವಾದ್ಯವೃಂದವನ್ನು ಕರೆದುಕೊಂಡು ಬಂದು ಆ ವೃದ್ಧರ ಮುಂದೆ ನುಡಿಸಿದರು. ಕೇಳಲು ನಡೆದುಹೋಗಲಾರದವರ ಬಳಿಗೆ ಸಂಗೀತವೇ ಬಂತು. ೨೦೧೫ನೆಯ ಫೆಬ್ರವರಿ ೨೧ರಂದು ಕ್ಲಾರ್ಕ್ ಟೆರಿಯವರು ದೈವಾಧೀನರಾದರು.

ಅವರು ನುಡಿಸಿದುದು ಧ್ವನಿಮುದ್ರಣಗಳಲ್ಲಿ ಉಳಿದಿದೆ. ಕಲಿಸಿದುದು ಎಲ್ಲಿ ಉಳಿದಿದೆಯೆಂದು ಬೆರಳಿಟ್ಟು ತೋರಿಸಲಾಗದು. ಅದು ಸಾವಿರ ಜನರ ತುಟಿಗಳಲ್ಲಿಯೂ ಬೆರಳುಗಳಲ್ಲಿಯೂ ಚೆದುರಿ, ಅವರ ಶಿಷ್ಯರ ಶಿಷ್ಯ ಮಕ್ಕಳಿಗೆ ಹೆಸರೂ ತಿಳಿಯದಂತೆ ಬೆರೆತುಹೋಗಿದೆ. ದಾರಿತಪ್ಪಿಸಿದ ಆ ಹಳೆಯ ತುತೂರಿಗಾರನು ತನ್ನ ವಿದ್ಯೆಯನ್ನು ಕಾಪಾಡಿಕೊಂಡೆನೆಂದು ಹಿಗ್ಗಿರಬಹುದು. ಇಂದು ಅವನ ವಿದ್ಯೆ ಎಷ್ಟಿತ್ತೆಂಬುದನ್ನು ಬಲ್ಲವರಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬಾಕೆಗೆ ಕಸೂತಿಯ ಹೊಲಿಗೆ ಬರಬಹುದು, ಇನ್ನೊಬ್ಬಾಕೆಗೆ ಗಣಿತದ ಸುಲಭಮಾರ್ಗ, ಮತ್ತೊಬ್ಬಾಕೆಗೆ ಅಜ್ಜಿಯ ಕಾಲದ ಹಾಡು ಬರಬಹುದು. ಕಲಿಯಬೇಕೆಂದು ಬಂದ ಮಗುವಿಗೆ ವೇಳೆಯಿಲ್ಲವೆನ್ನುವ ಮುಂಚೆ, ಕಚೇರಿ ಮುಗಿಸಿ ಬಂದು, ಅರೆನಿದ್ದೆಯಲ್ಲಿ ಎದ್ದು ಬಾಗಿಲು ತೆರೆದ ಆ ವಾದ್ಯಗಾರರನ್ನು ಒಂದು ಕ್ಷಣ ನೆನೆಯುವುದು ಒಳ್ಳೆಯದು. ಪಾಲಕರಿಗೂ ಒಂದು ಬಿನ್ನಹ. ಮನೆಯ ಮೂಲೆಯಲ್ಲಿ ಕೂತು ಮಗುವು ಅಪಸ್ವರವನ್ನೇ ಪಟ್ಟಾಗಿ ಸಾಧಿಸುತ್ತಿದ್ದರೆ, ಬೇಸರಪಟ್ಟು ಬಾಯಿ ಮುಚ್ಚಿಸಬೇಡಿರಿ. ಸೇಂಟ್ ಲೂಯಿಸಿನ ಆ ಬಡನೆರೆಯವರು ಹನ್ನೆರಡೂವರೆ ಡಾಲರಿಗೆ ಕೊಂಡುಕೊಟ್ಟದ್ದು ಹಳೆಯ ತುತೂರಿಯೊಂದನ್ನು ಮಾತ್ರವಲ್ಲ.